ಲೇಟೆಕ್ಸ್ ಹಾಸಿಗೆಯಲ್ಲಿ ತೂತು ಯಾಕೆ?

ವೈಟ್‌ಫೀಲ್ಡ್‌ನ ಅಂಗಡಿಯಲ್ಲಿ ನೋಡಿದ ಲೇಟೆಕ್ಸ್ ಹಾಸಿಗೆಯ ತುಂಬ ಸಾಲು ಸಾಲು ತೂತುಗಳಿದ್ದವು. ಗಾಳಿಯಾಡಲೆಂದೇ?

ಗಾಳಿಯಾಡುವುದು ಆಮೇಲಿನ ಲಾಭ. ತೂತು ಹುಟ್ಟಿದ್ದು ಬೇಯಿಸುವ ಕಷ್ಟದಿಂದ. ಸುಳ್ಯ, ಪುತ್ತೂರಿನ ಕಡೆ ಟ್ಯಾಪಿಂಗ್ ಮಾಡಿ ತೆಗೆಯುತ್ತಾರಲ್ಲ, ಆ ರಬ್ಬರ್ ಹಾಲನ್ನು ಮಂದ ಮಾಡಿ, ಸೋಪು, ಗಂಧಕ ಬೆರೆಸಿ, ನೊರೆ ಬರುವಂತೆ ಕಡೆದು, ಅಚ್ಚಿಗೆ ಹೊಯ್ದು ಹಬೆಯಲ್ಲಿ ಬೇಯಿಸುತ್ತಾರೆ, ಥೇಟ್ ಇಡ್ಲಿಯ ಹಾಗೆ. ಆದರೆ ಆರಂಗುಲ ದಪ್ಪದ ಇಡ್ಲಿ ಅಂಚಿನಲ್ಲಿ ಬೆಂದರೂ ನಡುವೆ ಹಸಿ! ನೊರೆಯೊಳಗಿನ ಗಾಳಿ ಶಾಖವನ್ನು ಸುಲಭಕ್ಕೆ ಬಿಡುವುದಿಲ್ಲ. ಅದಕ್ಕೇ ಅಚ್ಚಿನ ತುಂಬ ಲೋಹದ ಕಡ್ಡಿಗಳು. ಬಿಸಿಯನ್ನು ನಡುವಿಗೆ ಒಯ್ಯುವುದು ಅವೇ. ಆ ಬಿಸಿಗೆ ಗಂಧಕ ರಬ್ಬರಿನ ಉದ್ದನೆಯ ಎಳೆಗಳನ್ನು ಅಲ್ಲಲ್ಲಿ ಬೆಸೆಯುತ್ತದೆ. ಒತ್ತಿದರೆ ತಗ್ಗಿ, ಬಿಟ್ಟೊಡನೆ ಮೇಲೇಳುವ ಗುಣ ಬರುವುದು ಅದರಿಂದ. ಅಚ್ಚಿನಿಂದ ಎಬ್ಬಿಸಿದಾಗ ಕಡ್ಡಿಯಿದ್ದಲ್ಲೆಲ್ಲ ತೂತು.

ಕೊಂಡರೆ, ಹತ್ತಿ ಹಾಸಿಗೆಯನ್ನು ಹಾಕುವ ರೂಢಿಯಲ್ಲಿ ಇದನ್ನೂ ಬಿಸಿಲಿಗೆ ಹಾಕಬೇಡಿ. ರಬ್ಬರ್ ಗಡುಸಾಗಿ ಉದುರತೊಡಗುತ್ತದೆ.