ಆಂಡ್ರಾಯ್ಡ್‌ನಿಂದ ಐಫೋನ್‌ಗೆ: ವಾಟ್ಸಾಪ್ ಹಿಂದೆ ಉಳಿದೀತು!

ಹೊಸ ಐಫೋನ್ ಬಂತಾ? ಡಬ್ಬ ಬಿಚ್ಚಿದ ಖುಷಿಗೆ, 'ಡೇಟಾ ಆಮೇಲೆ ಹಾಕ್ಕೊಂಡ್ರಾಯ್ತು' ಅಂತ ಸೆಟಪ್ ಮುಗಿಸಿಬಿಡಬೇಡಿ. ಎಡವಟ್ಟಾಗೋದೇ ಅಲ್ಲಿ. ಆಮೇಲೆ ಫೋನನ್ನ ಪೂರ್ತಿ ಅಳಿಸಿ ಮೊದಲಿಂದ ಶುರು ಮಾಡ್ಬೇಕಾಗತ್ತೆ.

ಆಂಡ್ರಾಯ್ಡ್ ಬಿಟ್ಟು ಬರೋರಿಗೆ ಅಂತಲೇ ಆ್ಯಪಲ್ 2015ರಲ್ಲಿ 'ಮೂವ್ ಟು ಐಓಎಸ್' ಅನ್ನೋ ಆ್ಯಪ್ ತಂದಿತು. ಅದನ್ನ ಹಳೇ ಫೋನಿಗೆ ಹಾಕ್ಕೊಳ್ಳಿ. ಹೊಸ ಫೋನಿನ ಪರದೆ ಮೇಲೆ ಒಂದು ಕೋಡ್ ಬರುತ್ತೆ, ಹಳೇದರಲ್ಲಿ ಒತ್ತಿ. ಕಾಂಟ್ಯಾಕ್ಟು, ಮೆಸೇಜು, ಫೋಟೋ, ವಿಡಿಯೋ ಎಲ್ಲ ವೈಫೈಯಲ್ಲಿ ನೇರ ದಾಟ್ತವೆ.

ಆದ್ರೆ ನಮ್ಮ ಜೀವ ಇರೋದು ವಾಟ್ಸಾಪಲ್ಲಿ, ಅಲ್ವಾ? ಅಮ್ಮನ ವಾಯ್ಸ್ ನೋಟು, ತಂಗಿ ಮದುವೆ ಫೋಟೋ... ಗೂಗಲ್ ಡ್ರೈವಲ್ಲಿ ಬ್ಯಾಕಪ್ ಇದೆಯಲ್ಲ ಅಂತ ನೆಚ್ಚಿಕೊಂಡ್ರೆ ಕೆಟ್ರಿ! ಐಫೋನ್ ವಾಟ್ಸಾಪ್ ಅದನ್ನ ಮೂಸೂ ನೋಡಲ್ಲ. 2022ರಿಂದ ಚಾಟ್‌ಗಳನ್ನೂ ಇದೇ ಆ್ಯಪಿನಲ್ಲಿ ದಾಟಿಸಬಹುದು: ಪಟ್ಟಿಯಲ್ಲಿ ವಾಟ್ಸಾಪ್ ಆರಿಸಿ, ಹಳೇ ಫೋನಲ್ಲಿ 'ಸ್ಟಾರ್ಟ್' ಒತ್ತಿ, ಹೊಸದರಲ್ಲಿ ಅದೇ ನಂಬರಿಂದ ಲಾಗಿನ್ ಆಗಿ. ಎರಡೂ ಫೋನ್ ಚಾರ್ಜಿಗೆ ಇರ್ಲಿ. ಕಾಲ್ ಹಿಸ್ಟರಿ ಬರಲ್ಲ. ಹೋದ್ರೆ ಹೋಗ್ಲಿ ಬಿಡಿ.

ಯುಪಿಐ ಆ್ಯಪ್ ಮಾತ್ರ ಹೀಗೆ ದಾಟಲ್ಲ. ಸಿಮ್ ಹೊಸ ಫೋನಿಗೆ ಹಾಕಿ, ಎಸ್ಸೆಮ್ಮೆಸ್ ಹೋಗಿ, ಮತ್ತೆ ನೋಂದಣಿ ಆಗ್ಬೇಕು. ಬ್ಯಾಂಕಿನ ಆ್ಯಪ್‌ಗೂ ಸಾಮಾನ್ಯವಾಗಿ ಇದೇ ಕಥೆ.

ಇಷ್ಟೆಲ್ಲ ಆಗಿ, ಒಂದೊಂದೇ ತೆಗೆದು ನೋಡೋವರೆಗೂ ದಯವಿಟ್ಟು ಹಳೇ ಫೋನನ್ನ ಎಕ್ಸ್‌ಚೇಂಜಿಗೆ ಕೊಡಬೇಡಿ.