ಬೆಳಕಿನ ಮದ್ದು: ನಂಬಿಕೆ ಏನು, ನಿಜ ಏನು

ಯಶವಂತಪುರದ ಮಗ್ಗುಲಲ್ಲಿರುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಅಖಿಲ್ ಚಕ್ರವರ್ತಿ ಅವರ ತಂಡ ವರ್ಷಗಟ್ಟಲೆ ಒಂದು ಬಗೆಯ ಲೋಹ ಸಂಯುಕ್ತಗಳ ಬೆನ್ನು ಹತ್ತಿತ್ತು. ಕತ್ತಲಲ್ಲಿ ಅವು ಅಷ್ಟಾಗಿ ತಂಟೆ ಮಾಡುವುದಿಲ್ಲ, ಬೆಳಕು ಬಿದ್ದರೆ ಕ್ಯಾನ್ಸರ್ ಕೋಶವನ್ನು ಕೊಲ್ಲುತ್ತವೆ. ಈ ತತ್ವದ ಚಿಕಿತ್ಸೆಯೇ ಫೋಟೊಡೈನಾಮಿಕ್ ಥೆರಪಿ (ಪಿಡಿಟಿ).

ತಪ್ಪು ಕಲ್ಪನೆ 1: ಲೇಸರ್ ಗಡ್ಡೆಯನ್ನು ಸುಡುತ್ತದೆ.
ವಾಸ್ತವ: ಇಲ್ಲಿ ಕೊಲ್ಲುವುದು ಶಾಖವಲ್ಲ. ಔಷಧದ ಅಣು ಬೆಳಕನ್ನು ಹೀರಿ, ಆ ಶಕ್ತಿಯನ್ನು ಪಕ್ಕದ ಆಮ್ಲಜನಕಕ್ಕೆ ದಾಟಿಸುತ್ತದೆ. ಹೀಗೆ ಕೆರಳಿದ ‘ಸಿಂಗ್ಲೆಟ್ ಆಕ್ಸಿಜನ್’ ಕೋಶದ ಪೊರೆ, ಪ್ರೊಟೀನು, ಮೈಟೊಕಾಂಡ್ರಿಯಾಗಳನ್ನು ಕೆಡಿಸುತ್ತದೆ. ಗಡ್ಡೆಗೆ ರಕ್ತ ಒಯ್ಯುವ ಸಣ್ಣ ನಾಳಗಳೂ ಮುಚ್ಚಿಕೊಳ್ಳುತ್ತವೆ. ಔಷಧ, ಬೆಳಕು, ಆಮ್ಲಜನಕ ಈ ಮೂರರಲ್ಲಿ ಒಂದು ಕೈಕೊಟ್ಟರೂ ಕೆಲಸ ಕೆಡುತ್ತದೆ.

ತಪ್ಪು ಕಲ್ಪನೆ 2: ಔಷಧ ಕ್ಯಾನ್ಸರ್ ಇರುವಲ್ಲಿಗೆ ಮಾತ್ರ ಹೋಗುತ್ತದೆ.
ವಾಸ್ತವ: ರಕ್ತಕ್ಕೆ ಕೊಟ್ಟ ಔಷಧ ಮೈಯೆಲ್ಲ ಹರಡುತ್ತದೆ; ಗಡ್ಡೆಯಲ್ಲಿ ಹೆಚ್ಚು ಕಾಲ ನಿಲ್ಲುತ್ತದೆ, ಅಷ್ಟೇ. ಗುರಿ ಹಿಡಿಯುವುದು ಮುಖ್ಯವಾಗಿ ಬೆಳಕು. ಸಿಂಗ್ಲೆಟ್ ಆಕ್ಸಿಜನ್ ಕೆಲವೇ ಮೈಕ್ರೊಸೆಕೆಂಡುಗಳಲ್ಲಿ ಇಲ್ಲವಾಗುವುದರಿಂದ ಬೆಳಕು ಬೀಳದ ಜಾಗಕ್ಕೆ ಅದರ ಹಾನಿ ತಲುಪದು. ಆದರೆ ಚರ್ಮದಲ್ಲೂ ಔಷಧ ಉಳಿದಿರುತ್ತದೆ. ಫೋಟೊಫ್ರಿನ್ ಎಂಬ ಪಿಡಿಟಿ ಔಷಧ ಪಡೆದವರು ಕನಿಷ್ಠ 30 ದಿನ ಬಿಸಿಲಿಗೆ ಮೈಯೊಡ್ಡಬಾರದು. ಹೆಬ್ಬಾಳದಲ್ಲಿ ಬಸ್ಸಿಗೆ ಕಾಯುವಷ್ಟು ಹೊತ್ತಿನ ಬಿಸಿಲೂ ಚರ್ಮವನ್ನು ಸುಡಬಹುದು. ಮಾಮೂಲಿ ಸನ್‌ಸ್ಕ್ರೀನ್ ಕಾಪಾಡದು, ಏಕೆಂದರೆ ಕಣ್ಣಿಗೆ ಕಾಣುವ ಬೆಳಕೇ ಈ ಔಷಧವನ್ನು ಕೆರಳಿಸುತ್ತದೆ.

ತಪ್ಪು ಕಲ್ಪನೆ 3: ಎಲ್ಲ ಕ್ಯಾನ್ಸರಿಗೂ ಇದು ಆಗುತ್ತದೆ.
ವಾಸ್ತವ: ಫೋಟೊಫ್ರಿನ್‌ಗೆ ಬಳಸುವ 630 ನ್ಯಾನೊಮೀಟರಿನ ಕೆಂಪು ಬೆಳಕು ಅಂಗಾಂಶದೊಳಗೆ ಪರಿಣಾಮಕಾರಿಯಾಗಿ ಇಳಿಯುವುದು ಹೆಚ್ಚೆಂದರೆ ಸುಮಾರು ಒಂದು ಸೆಂಟಿಮೀಟರು. ಹಾಗಾಗಿ ಚರ್ಮಕ್ಕೆ, ಇಲ್ಲವೇ ಬೆಳಕಿನ ನಳಿಕೆ ಇಳಿಸಬಹುದಾದ ಅನ್ನನಾಳ, ಶ್ವಾಸನಾಳಗಳಿಗೆ ಇದು ಹೊಂದುತ್ತದೆ. ದೇಹದ ತುಂಬ ಹರಡಿದ ಕ್ಯಾನ್ಸರಿಗೆ ಸಲ್ಲದು.

ತಪ್ಪು ಕಲ್ಪನೆ 4: ಅರಿಶಿನ ಹಚ್ಚಿ ಬಿಸಿಲಿಗೆ ಕೂತರೂ ಇದೇ ಫಲ.
ವಾಸ್ತವ: ಚಕ್ರವರ್ತಿ ಅವರ ತಂಡ ಅರಿಶಿನದ ಕರ್ಕ್ಯುಮಿನ್ ಅನ್ನು ಪ್ಲಾಟಿನಂ, ವನೇಡಿಯಂನಂಥ ಲೋಹಗಳಿಗೆ ಬೆಸೆದು ಪರೀಕ್ಷಿಸಿದ್ದು ನಿಜ. ಆದರೆ ಆ ಫಲಿತಾಂಶ ಬಂದದ್ದು ಪ್ರಯೋಗಾಲಯದಲ್ಲಿ ಬೆಳೆಸಿದ ಕೋಶಗಳಲ್ಲಿ. ಬಿಡಿ ಕರ್ಕ್ಯುಮಿನ್ ದೇಹದಲ್ಲಿ ಬೇಗ ಒಡೆದುಹೋಗುತ್ತದೆ. ಅಡುಗೆಮನೆಯ ಅರಿಶಿನ ಕ್ಯಾನ್ಸರಿನ ಮದ್ದಲ್ಲ.

ತಪ್ಪು ಕಲ್ಪನೆ 5: ಪಿಡಿಟಿ ಇನ್ನೂ ಪ್ರಯೋಗದ ಹಂತದಲ್ಲೇ ಇದೆ.
ವಾಸ್ತವ: ಬಣ್ಣದ ದ್ರಾವಣದಲ್ಲಿದ್ದ ಪ್ಯಾರಮೀಸಿಯಂ ಎಂಬ ಏಕಕೋಶ ಜೀವಿಗಳು ಬೆಳಕಿಗೆ ಸಾಯುವುದನ್ನು ಮ್ಯೂನಿಕ್‌ನ ವಿದ್ಯಾರ್ಥಿ ಆಸ್ಕರ್ ರಾಬ್ 1900ರಲ್ಲೇ ವರದಿ ಮಾಡಿದ್ದ. ಫೋಟೊಫ್ರಿನ್‌ಗೆ ಕೆನಡಾ 1993ರಲ್ಲಿ, ಅಮೆರಿಕ 1995ರಲ್ಲಿ ಒಪ್ಪಿಗೆ ಕೊಟ್ಟವು. ವರ್ಟಿಪೋರ್ಫಿನ್ ಎಂಬ ಔಷಧವನ್ನು ಕಣ್ಣಿನ ಅಕ್ಷಿಪಟಲದ ಕೆಲವು ಕಾಯಿಲೆಗಳಿಗೂ ಬಳಸುತ್ತಾರೆ.

ಪಿಡಿಟಿ ಮಾಡಿಸಿಕೊಳ್ಳುವ ಮಾತು ಬಂದರೆ ವೈದ್ಯರನ್ನು ಎರಡು ಪ್ರಶ್ನೆ ತಪ್ಪದೆ ಕೇಳಿ: ಗಡ್ಡೆ ಇರುವ ಆಳಕ್ಕೆ ಬೆಳಕು ಮುಟ್ಟುತ್ತದೆಯೇ? ಆಮೇಲೆ ಎಷ್ಟು ದಿನ ಬಿಸಿಲಿನಿಂದ ದೂರವಿರಬೇಕು?