ಹಳ್ಳದ ಆರೋಗ್ಯಕ್ಕೆ ಹುಳುಗಳ ಸಾಕ್ಷಿ

ನೀರು ತಿಳಿಯಾಗಿದ್ದರೆ ಹಳ್ಳ ಚೆನ್ನಾಗಿದೆ ಎಂದುಕೊಳ್ಳುವುದು ರೂಢಿ. ಆದರೆ ಕನ್ನಡಿಯಂತೆ ಹೊಳೆಯುವ ನೀರಿನಲ್ಲೂ ಪ್ರಾಣವಾಯು ಕುಸಿದಿರಬಹುದು. ಮಳೆಗಾಲದಲ್ಲಿ ಕೆಂಪಗೆ ಉಕ್ಕುವ ಹೊಳೆ ಗಟ್ಟಿಮುಟ್ಟಾಗಿಯೇ ಇರಬಹುದು. ಹಾಗಾದರೆ ಹಳ್ಳದ ನಾಡಿ ಹಿಡಿಯುವುದು ಹೇಗೆ?

ಬಾಟಲಿಯಲ್ಲಿ ನೀರು ತುಂಬಿ ಪ್ರಯೋಗಾಲಯಕ್ಕೆ ಕಳಿಸುವುದು ಒಂದು ದಾರಿ. ಅದು ಹೇಳುವುದು ಆ ಗಳಿಗೆಯ ಸಂಗತಿಯನ್ನು ಮಾತ್ರ. ರಾತ್ರಿ ಹರಿಯಬಿಟ್ಟ ಕೊಳೆ ಬೆಳಗಾಗುವಷ್ಟರಲ್ಲಿ ಕೆಳಗೆ ಸಾಗಿಹೋಗಿರುತ್ತದೆ. ಕಲ್ಲಿನಡಿಯ ಹುಳುಗಳ ಮಾತು ಬೇರೆ. ತಿಂಗಳುಗಟ್ಟಲೆ ಅಲ್ಲೇ ಬಾಳುವ ಅವು ನೀರಿಗೆ ಬಂದದ್ದನ್ನೆಲ್ಲ ಅನುಭವಿಸಲೇಬೇಕು. ಯಾವ ಹುಳು ಉಳಿದಿದೆ, ಯಾವುದು ಕಾಣೆಯಾಗಿದೆ ಎಂಬುದೇ ಹಳ್ಳದ ದಿನಚರಿ.

ಈ ವಿಚಾರ ಹೊಸದಲ್ಲ. ಜರ್ಮನಿಯ ಕೋಲ್ಕ್‌ವಿಟ್ಸ್ ಮತ್ತು ಮಾರ್ಸನ್ 1908 ಮತ್ತು 1909ರಲ್ಲಿ, ಕೊಳೆಯನ್ನು ಎಷ್ಟು ಸಹಿಸುತ್ತವೆ ಎಂಬುದರ ಮೇಲೆ ಜಲಸಸ್ಯ ಹಾಗೂ ಜಲಜೀವಿಗಳನ್ನು ವಿಂಗಡಿಸಿದರು. ಅಮೆರಿಕದ ರೂತ್ ಪ್ಯಾಟ್ರಿಕ್ 1948ರಲ್ಲಿ ಪೆನ್ಸಿಲ್ವೇನಿಯಾದ ಕಾನೆಸ್ಟೋಗಾ ಹೊಳೆಯನ್ನು ಅಭ್ಯಸಿಸಿದರು. ಆರೋಗ್ಯವಂತ ಹೊಳೆಯಲ್ಲಿ ಬಗೆಬಗೆಯ ಜೀವಿಗಳಿರುತ್ತವೆ. ಕೊಳೆತ ಹೊಳೆಯಲ್ಲಿ ಬಗೆಗಳು ಕಡಿಮೆಯಾಗಿ, ಉಳಿದ ಕೆಲವೇ ಜೀವಿಗಳು ಲೆಕ್ಕವಿಲ್ಲದಷ್ಟು ಹೆಚ್ಚುತ್ತವೆ ಎಂಬುದು ಅವರ ತಿಳಿವಳಿಕೆಯ ತಿರುಳು.

ಬ್ರಿಟನ್‌ನಲ್ಲಿ 1970ರ ದಶಕದ ಕೊನೆಗೆ ಇದಕ್ಕೆ ಅಂಕಪಟ್ಟಿಯೇ ಸಿದ್ಧವಾಯಿತು. ಶುದ್ಧ ನೀರನ್ನೇ ಬೇಡುವ ಸ್ಟೋನ್‌ಫ್ಲೈ ಹಾಗೂ ಮೇಫ್ಲೈ ಮರಿಗಳ ಹಲವು ಕುಟುಂಬಗಳಿಗೆ 10 ಅಂಕ. ಕೆಸರಿನ ಎರೆಹುಳುಗಳಿಗೆ 1. ಭಾರತದ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯೂ ಇದೇ ಜಾಡಿನಲ್ಲಿ ಜೈವಿಕ ಮಾನದಂಡ ರೂಪಿಸಿಕೊಂಡಿದೆ.

ಪರೀಕ್ಷೆಗೆ ದುಬಾರಿ ಯಂತ್ರ ಬೇಡ. ಹರಿವಿಗೆ ಅಡ್ಡಲಾಗಿ ಬಲೆ ಹಿಡಿದು, ಅದರ ಮೇಲ್ಭಾಗದಲ್ಲಿ ಕಾಲಿನಿಂದ ಕಲ್ಲು ಕದಡಿದರೆ ಹುಳುಗಳು ತೇಲಿ ಬಲೆಗೆ ಬೀಳುತ್ತವೆ. ಬಿಳಿ ತಟ್ಟೆಗೆ ಸುರಿದು, ಎಣಿಸಿ, ಮತ್ತೆ ನೀರಿಗೇ ಬಿಡಬಹುದು. ಒಂದೇ ಜಾಗದಲ್ಲಿ ಋತುವಿಗೊಮ್ಮೆ ಹೀಗೆ ಮಾಡಿ ಬರೆದಿಟ್ಟರೆ ಶಾಲಾ ಮಕ್ಕಳೂ ತಮ್ಮೂರಿನ ಹಳ್ಳದ ಜಾತಕ ಬರೆಯಬಲ್ಲರು.

ಮಲೆನಾಡಿಗೆ ಇದು ಬಹಳ ಮುಖ್ಯ. ಕಾಫಿ ಹಣ್ಣಿನ ಪಲ್ಪಿಂಗ್ ನಡೆಯುವುದು ಮಳೆ ನಿಂತು ಹಳ್ಳಗಳು ಸೊರಗುವ ತಿಂಗಳುಗಳಲ್ಲಿ. ಆಗ ಹೊರಬೀಳುವ ಸಿಹಿ, ಹುಳಿ ನೀರು ಹಾಗೆಯೇ ಹಳ್ಳ ಸೇರಿದರೆ, ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ನೀರಿನ ಆಮ್ಲಜನಕವನ್ನೆಲ್ಲ ಹೀರುತ್ತವೆ. ದಡದ ಮರ ಕಡಿದರೂ ಪೆಟ್ಟೇ. ನೆರಳು ಹೋದರೆ ನೀರು ಬಿಸಿಯಾಗುತ್ತದೆ. ಬಿಸಿಯಾದಷ್ಟೂ ಆಮ್ಲಜನಕ ಹಿಡಿದಿಡುವ ಶಕ್ತಿ ಕುಂದುತ್ತದೆ. ಕೊಚ್ಚಿ ಬಂದ ಮಣ್ಣು ಕಲ್ಲುಗಳ ಸಂದು ಮುಚ್ಚಿ ಹುಳುಗಳ ಮನೆಯನ್ನೇ ಹೂಳುತ್ತದೆ. ಹುಳು ಹೋದರೆ ಮೀನಿನ ಊಟವೂ ಹೋಯಿತು.

ಆದ್ದರಿಂದ ಸಂರಕ್ಷಣೆಯ ಕೆಲಸ ನೀರಿನಲ್ಲಿ ಶುರುವಾಗುವುದಿಲ್ಲ, ದಡದಲ್ಲಿ. ಹೊಳೆಮತ್ತಿ, ಹೊಂಗೆ, ನೇರಳೆಯಂಥ ಮರಗಳ ಸಾಲು ಉಳಿಸುವುದು, ಪಲ್ಪಿಂಗ್ ನೀರನ್ನು ಸಂಸ್ಕರಿಸಿಯೇ ಬಿಡುವುದು, ಇಳಿಜಾರಿನ ಮಣ್ಣು ತಡೆಯುವುದು ಮೊದಲ ಹೆಜ್ಜೆಗಳು. ಅವು ಫಲಿಸಿದವೋ ಇಲ್ಲವೋ ಎಂಬುದನ್ನು ಹುಳುಗಳೇ ಹೇಳುತ್ತವೆ.

ಶೃಂಗೇರಿಯ ತುಂಗೆಯಲ್ಲಿ, ಶಿಶಿಲದ ಕಪಿಲೆಯಲ್ಲಿ ದೇವರ ಮೀನುಗಳನ್ನು ಹಿಡಿಯಬಾರದೆಂಬ ಕಟ್ಟಳೆ ಹಿಂದಿನಿಂದ ಬಂದದ್ದು. ಭಕ್ತಿ ಕಾಯ್ದ ಈ ಮಡುಗಳು ನಮ್ಮ ಹಳೆಯ ಅಭಯಧಾಮಗಳು. ಆದರೆ 1996ರಲ್ಲಿ ಶಿಶಿಲದ ನೀರಿಗೆ ವಿಷ ಬಿದ್ದಾಗ ಮೀನುಗಳು ರಾಶಿರಾಶಿಯಾಗಿ ಸತ್ತವು. ದೇಗುಲದ ಎದುರಿನ ಮಡುವನ್ನಷ್ಟೇ ಕಾಯ್ದರೆ ಸಾಲದು; ಅದಕ್ಕೆ ನೀರೂಡುವ ಹೆಸರಿಲ್ಲದ ತೊರೆಗಳಿಗೂ ಅದೇ ಕಟ್ಟಳೆ ಬೇಕು.